ಬೆಳಕಿನ ಪೆಟ್ಟಿಗೆಯ ಮುಂದೆ ಐವತ್ತಾರು ದಿನ

2023ರ ನವೆಂಬರ್ 14, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಮ್ಮೂರ ಹಾಲಿನ ಡೈರಿಯಲ್ಲಿ ಇಪ್ಪತ್ತೊಂದನೆಯ ಮನೆಯ ಹಾಲು ಪರೀಕ್ಷೆಗೆ ಬಂದಿತ್ತು. ಸಣ್ಣ ಬಾಟಲಿಯನ್ನು ಯಂತ್ರದ ನಳಿಕೆಗೆ ಹಿಡಿಯಬೇಕು, ಅಷ್ಟೇ ಕೆಲಸ. ನನ್ನ ಬಲಗೈ ಮೇಲೆ ಏಳಲಿಲ್ಲ. ಎಡಗೈಯಿಂದ ಎತ್ತಿ ಹಿಡಿದೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಯಂತ್ರ ಪ್ರತಿ ಚೀಟಿಯ ಮೇಲೂ ಗಂಟೆ, ನಿಮಿಷ ಮುದ್ರಿಸುತ್ತದೆ. ಆ ಚೀಟಿಯ ನಕಲು ಈಗಲೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ಬಸ್ಸಿನ ದಾರಿಯಲ್ಲಿ ನಮ್ಮೂರು. ಎಂಬತ್ತನಾಲ್ಕು ಮನೆಗಳವರು ಡೈರಿಗೆ ಹಾಲು ಹಾಕುತ್ತಾರೆ. ಡಿಗ್ರಿ ಮುಗಿಸಿದ ವರ್ಷದಿಂದ ಅಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಆಗ ನನಗೆ ಇಪ್ಪತ್ಮೂರು. ಬೆಳಿಗ್ಗೆ ಆರಕ್ಕೆ ಒಂದು ಪಾಳಿ, ಸಂಜೆ ಐದೂವರೆಗೆ ಇನ್ನೊಂದು. ಎಲ್ಲವನ್ನೂ ಬರೆದಿಡುವ ಅಭ್ಯಾಸ ಆ ಮೇಜಿನ ಮುಂದೆ ಕೂತೇ ಬಂದದ್ದು.

ಮೊದಲು ಭುಜ, ಆಮೇಲೆ ಕತ್ತು, ಸೊಂಟ, ಮೊಣಕಾಲು. ಮೂರು ತಿಂಗಳಲ್ಲಿ ನೋವು ಇಲ್ಲದ ಜಾಗ ಹುಡುಕಿ ಬರೆಯುವುದು ಸುಲಭವಾಯಿತು. ರಾತ್ರಿ ಮಲಗಿದರೂ ಮಲಗದಂತೆ, ಬೆಳಿಗ್ಗೆ ಎದ್ದರೆ ಯಾರೋ ಮೈಯೆಲ್ಲ ತುಳಿದು ಹೋದಂತೆ ಇರುತ್ತಿತ್ತು. ಆ ನವೆಂಬರಿನಿಂದ ಹನ್ನೊಂದು ತಿಂಗಳಲ್ಲಿ ಐದು ಜನ ವೈದ್ಯರನ್ನು ನೋಡಿದೆ. ಹತ್ತೊಂಬತ್ತು ಸಲ ಆಸ್ಪತ್ರೆಯ ಬೆಂಚುಗಳ ಮೇಲೆ ಕಾದೆ. ಏಳು ಸಲ ರಕ್ತ ಕೊಟ್ಟೆ. ಏಳು ಸಲವೂ ವರದಿ ಸರಿಯಾಗಿಯೇ ಬಂತು. ವರದಿ ಚೆನ್ನಾಗಿದೆ ಎಂದು ಕೇಳಿ ಅಳುವವರನ್ನು ನಾನು ಮೊದಲ ಸಲ ನೋಡಿದ್ದು ಕನ್ನಡಿಯಲ್ಲಿ.

ಪಕ್ಕದ ಮನೆಯ ರತ್ನಮ್ಮ ಹಾಲು ಹಾಕಲು ಬಂದಾಗ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. "ನೋಡಕ್ಕೆ ಕೆಂಪುಕೆಂಪಾಗಿ ಚೆನ್ನಾಗೇ ಅವ್ಳೆ. ಮದ್ವೆ ಮಾಡಿದ್ರೆ ಎಲ್ಲಾ ಸರಿ ಓಯ್ತದೆ." ಅವಳಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಕಾಣದ ನೋವನ್ನು ನಂಬುವುದು ಕಷ್ಟ. ಕೆಲವು ದಿನ ನನಗೇ ನನ್ನ ಮೇಲೆ ಅನುಮಾನ ಬರುತ್ತಿತ್ತು.

ಅಪ್ಪ ಬೆಂಗಳೂರಿಗೆ ರೈಲಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಬರುವವರು. ನನ್ನ ಕಾಯಿಲೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆದರೆ 2024ರ ಫೆಬ್ರವರಿಯ ಒಂದು ದಿನದಿಂದ, ನಾನು ಡೈರಿಗೆ ಒಯ್ಯುವ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿರತೊಡಗಿತು. ಬಿಗಿಯಾದ ಮುಚ್ಚಳ ತಿರುಗಿಸಲು ನನಗೆ ಆಗುವುದಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. ನಸುಕಿಗೆ ಮನೆ ಬಿಡುವ ಮೊದಲು ಅಪ್ಪನೇ ಅದನ್ನು ಅರ್ಧ ತಿರುವಿ ಇಡುತ್ತಿದ್ದಾರೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು.

ಐದನೆಯ ವೈದ್ಯೆ ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಅಕ್ಟೋಬರ್ 9, ಬುಧವಾರ. ಟೋಕನ್ ಮೂವತ್ತೆರಡು. ನಾನೂ ಅಮ್ಮನೂ ಹೋದಾಗ ಹನ್ನೊಂದನೆಯವರು ಒಳಗಿದ್ದರು. ಬೆಂಚು ತುಂಬಿತ್ತು. ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಒಬ್ಬ ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಚೀಲವನ್ನು ಕಾಲ ಕೆಳಗೆ ಇಳಿಸಿ ಬೆಂಚಿನ ಮೇಲೆ ಜಾಗ ಮಾಡಿದರು.

"ಉಕ್ಕಾರು ಕಣ್ಣು, ಇಲ್ಲೇ ಕೂತ್ಕೋ. ನಿಂತ್ರೆ ಜಾಸ್ತಿ ವಲಿ ಬರುತ್ತೆ ನಿಂಗೆ."

ತಮಿಳಿನಲ್ಲಿ ಕಣ್ಣು ಎಂದು ಮುದ್ದಿಗೆ ಕರೆಯುತ್ತಾರೆ, ವಲಿ ಎಂದರೆ ನೋವು. ನನ್ನನ್ನು ನೋಡಿ, ನಾನು ಹೇಳದೆಯೇ, ನೋವು ಎಂದವರು ಆ ಹನ್ನೊಂದು ತಿಂಗಳಲ್ಲಿ ಅವರೊಬ್ಬರೇ. ಅವರ ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ತೀರಿಕೊಂಡವರಂತೆ. ಪಾಳಿ ಮುಗಿಸಿ ಭೂಮಿಯೊಳಗಿಂದ ಮೇಲೆ ಬಂದರೆ ನೇರ ಮನೆಗೆ ಬರುತ್ತಿರಲಿಲ್ಲ, ಗೇಟಿನ ಹೊರಗೆ ಬಿಸಿಲಿಗೆ ಮುಖ ಕೊಟ್ಟು ಹತ್ತು ನಿಮಿಷ ನಿಲ್ಲುತ್ತಿದ್ದರು ಎಂದು ಹೇಳಿದರು. ಯಾಕೆ ಎಂದು ಕೇಳಿದರೆ ಮೈ ಬಿಚ್ಚಿಕೊಳ್ಳಲಿ ಎನ್ನುತ್ತಿದ್ದರಂತೆ. ಆ ಮಾತನ್ನು ಅಂದು ಸುಮ್ಮನೆ ಬರೆದಿಟ್ಟುಕೊಂಡೆ.

ವೈದ್ಯೆ ವರದಿಗಳನ್ನು ಬದಿಗಿಟ್ಟು ಮೊದಲು ನನ್ನ ಮಾತು ಕೇಳಿದರು. ಕತ್ತು, ಭುಜ, ಮೊಣಕೈಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಒಂದು ಕಡೆ ಒತ್ತಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ನನ್ನ ಪುಸ್ತಕ ಕೇಳಿ ತೆಗೆದುಕೊಂಡು ಕನ್ನಡದಲ್ಲೇ ಬರೆದರು: ಫೈಬ್ರೊಮಯಾಲ್ಜಿಯ.

"ಮೈಯೆಲ್ಲ ನೋಯುವ ಕಾಯಿಲೆ ಇದು, ರಕ್ತದ ವರದಿಯಲ್ಲಿ ಕಾಣಲ್ಲ. ನಿಮ್ಮ ಕಲ್ಪನೆ ಅಲ್ಲ. ಪ್ರಾಣಕ್ಕೆ ಅಪಾಯ ಇಲ್ಲ. ಆದರೆ ಬೇಗ ಬಿಟ್ಟು ಹೋಗುತ್ತೆ ಅಂತಲೂ ಹೇಳಲ್ಲ," ಎಂದರು.

ಹೊರಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಆ ಹೆಸರನ್ನು ಎರಡು ಸಲ ಹೇಳಲು ನೋಡಿ ಕೈಬಿಟ್ಟಳು. "ಓಗ್ಲಿ ಬಿಡು. ಎಸ್ರು ಅಂತ ಒಂದು ಐತಲ್ಲ. ಇನ್ಮೇಕೆ ರತ್ನಮ್ಮನ ಬಾಯಿಗೆ ಅದನ್ನೇ ತುರುಕ್ತೀನಿ." ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಚಹಾ ಕುಡಿದೆವು. ಅಮ್ಮ ನನ್ನ ಲೋಟವನ್ನೂ ತಾನೇ ಹಿಡಿದು ಆರಿಸಿ ಕೊಟ್ಟಳು.

ಇಷ್ಟರಲ್ಲಿ ಡೈರಿಯ ಮಾತು ಬೇರೆಯಾಗಿತ್ತು. ವರ್ಷದಲ್ಲಿ ಮೂವತ್ತೊಂದು ಬೆಳಗಿನ ಪಾಳಿಗಳನ್ನು ನಾನು ತಪ್ಪಿಸಿದ್ದೆ. ಕಾರ್ಯದರ್ಶಿ ಮುನಿವೆಂಕಟಪ್ಪನವರನ್ನು ನಾವೆಲ್ಲ ಮಾವ ಎಂದು ಕರೆಯುತ್ತೇವೆ. ಅವರು ಒಂದು ಸಂಜೆ ಎಲ್ಲರೂ ಹೋದ ಮೇಲೆ ಹೇಳಿದರು. ಸಮಿತಿಯವರು ಸಂಕ್ರಾಂತಿಯ ತಿಂಗಳು ಮುಗಿಯುವವರೆಗೆ ಕಾಯುತ್ತಾರೆ. ಅಷ್ಟರೊಳಗೆ, ಕಾಯಿಲೆ ಇಳಿಯುತ್ತಿದೆ, ಬೆಳಗಿನ ಕೆಲಸ ಮಾಡಬಲ್ಲಳು ಎಂದು ವೈದ್ಯರಿಂದ ಪತ್ರ ತರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ನಮ್ಮೂರಿನದೇ ಹುಡುಗಿ ಲಕ್ಷ್ಮೀದೇವಿಯನ್ನು ಹಾಕುತ್ತಾರೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳಿಗ್ಗೆ ಹಾಲಿನ ಗಾಡಿ ಏಳೂಮುಕ್ಕಾಲಿಗೆ ಬರುತ್ತದೆ. ಅದು ಯಾರ ನೋವಿಗೂ ನಿಲ್ಲುವುದಿಲ್ಲ. ಆದರೆ ಆ ಬೆಳಗಿನ ಮೇಜು ಬಿಟ್ಟರೆ ನಾನು ಬರೀ ಕಾಯಿಲೆಯವಳಾಗಿ ಉಳಿಯುತ್ತೇನೆ ಎಂದು ನನಗೆ ಭಯವಾಯಿತು. ಅಂದು ಪುಸ್ತಕದಲ್ಲಿ ಬರೆದದ್ದು ಅದೊಂದೇ ಸಾಲು.

ಬೆಳಕಿನ ಚಿಕಿತ್ಸೆಯ ಮಾತು ಬಂದದ್ದು ಎರಡನೆಯ ಭೇಟಿಯಲ್ಲಿ. ಮಾತ್ರೆ ಮತ್ತು ದಿನದ ನಡಿಗೆ ಮೊದಲೇ ಶುರುವಾಗಿದ್ದವು. ನಿದ್ದೆ ಮಾತ್ರ ನಾಲ್ಕು ಗಂಟೆ ದಾಟುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪ್ರಖರವಾದ ಬೆಳಕಿನ ಮುಂದೆ ಅರ್ಧ ಗಂಟೆ ಕೂತರೆ ಕೆಲವರಿಗೆ ನಿದ್ದೆ ಹಿಡಿತಕ್ಕೆ ಬರುತ್ತದೆ, ಅದರ ಜೊತೆಗೆ ನೋವೂ ಸ್ವಲ್ಪ ಇಳಿಯಬಹುದು ಎಂದರು ವೈದ್ಯೆ. ಇದರ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುವಷ್ಟು ಗೊತ್ತಿಲ್ಲ, ಖಾತ್ರಿ ಕೊಡಲಾರೆ, ಮಾತ್ರೆ ಬಿಡುವಂತಿಲ್ಲ ಎಂದೂ ಹೇಳಿದರು. ಮೊದಲು ಕಣ್ಣು ತೋರಿಸಿಕೊಂಡು ಬರಲು ಕಳಿಸಿದರು. ಎಂಟು ವಾರ ಮಾಡಿ ದಿನದಿನದ ಲೆಕ್ಕ ತಂದುಕೊಡಿ, ಪತ್ರದ ವಿಷಯ ಆಮೇಲೆ ನೋಡೋಣ ಎಂದರು. ಲೆಕ್ಕ ಎಂದ ಕೂಡಲೇ ನನಗೆ ಧೈರ್ಯ ಬಂತು. ಅದೊಂದು ನನಗೆ ಬರುವ ಕೆಲಸ.

ತರಿಸಿಕೊಂಡ ಬೆಳಕಿನ ಪೆಟ್ಟಿಗೆ ನವೆಂಬರ್ 16ರಂದು ಬಂಗಾರಪೇಟೆಯ ಕೊರಿಯರ್ ಅಂಗಡಿಗೆ ಬಂತು. ಮಕ್ಕಳ ಸ್ಲೇಟಿನಷ್ಟು ದೊಡ್ಡದು, ಬೆಳ್ಳಗಿನ ಹಲಗೆ. ಸೋಮವಾರ, 18ನೇ ತಾರೀಕು, ಬೆಳಿಗ್ಗೆ ಐದೂಕಾಲಿಗೆ ಮೊದಲ ಸಲ ಹಚ್ಚಿದೆ. ಕೋಣೆಯೆಲ್ಲ ಮಧ್ಯಾಹ್ನವಾಯಿತು. ಕೊಟ್ಟಿಗೆಯಲ್ಲಿದ್ದ ಹಸು ಎದ್ದು ನಿಂತು ಕಿಟಕಿಯತ್ತ ನೋಡಿತು.

ನಿಯಮ ಸರಳ. ಕೈಯಳತೆಯ ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಎರಡನೆಯ ದಿನ ಪೆಟ್ಟಿಗೆಯನ್ನು ಎತ್ತಿ ನನ್ನ ಭುಜಕ್ಕೆ ಹಿಡಿದಳು.

"ನೋವಿರೋದು ಇಲ್ಲಿ. ಕಣ್ಣಿಗೆ ಬೆಳಕು ಬಿಟ್ರೆ ಭುಜಕ್ಕೆ ಎಂಗೆ ಓಗ್ತದೆ?"

"ಶಾಖ ಅಲ್ಲಮ್ಮ ಇದು, ಬರೀ ಬೆಳಕು."

"ಬೆಚ್ಚಗಿಲ್ದಿದ್ ಮೇಲೆ ಏನ್ ಸುಖ ಬಿಡು," ಎಂದಳು. ಮೂರನೆಯ ದಿನದಿಂದ ಆ ಬೆಳಕಿನಲ್ಲೇ ಕೂತು ಅಕ್ಕಿಯ ಕಲ್ಲು ಆರಿಸತೊಡಗಿದಳು. ಬೀದಿಯಲ್ಲಿ ಹೋಗುವವರು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು. ಫೋಟೋ ಸ್ಟುಡಿಯೋ ಇಟ್ಟಿದ್ದೀವಿ ಎಂದು ಅಮ್ಮ ಉತ್ತರ ಕೊಟ್ಟಳು.

ನಾನು ಮೂರು ಅಂಕಣ ಎಳೆದುಕೊಂಡೆ: ನಿದ್ದೆಯ ಗಂಟೆ, ಬೆಳಿಗ್ಗೆ ಮೈ ಸಡಿಲಾಗಲು ಹಿಡಿದ ಸಮಯ, ಮತ್ತು ಸೊನ್ನೆಯಿಂದ ಹತ್ತರವರೆಗೆ ನೋವು. ಮೊದಲ ಪುಟದಲ್ಲಿ ನಿಯಮವನ್ನೂ ಬರೆದೆ. ಕೈ ತಲೆಯವರೆಗೆ ಏರದ ದಿನ ಎಂಟು ಎಂದು ಹಾಕಬೇಕು. ಬೆಳಕು ಶುರು ಮಾಡುವ ಮೊದಲಿನ ಎರಡು ವಾರದ ಸರಾಸರಿ ನೋವು ಏಳು ಇತ್ತು.

ಐವತ್ತಾರು ದಿನದಲ್ಲಿ ಕರೆಂಟು ಇಲ್ಲದ ಬೆಳಗುಗಳು ಒಂಬತ್ತು. ಆ ದಿನಗಳಲ್ಲಿ ಕಾಯುತ್ತಾ ಕೂರದೆ ಡೈರಿಗೆ ಹೋದೆ. ಪೆಟ್ಟಿಗೆಯಿಂದ ಮೊದಲ ವಾರ ತಲೆನೋವು ಬಂತು. ಹದಿನೈದು ನಿಮಿಷಕ್ಕೆ ಇಳಿಸಿ ನಿಧಾನವಾಗಿ ಏರಿಸಿದೆ. ಮೂರನೆಯ ವಾರದಲ್ಲಿ ಒಂದು ದಿನ ಐದೂವರೆ ಗಂಟೆ ನಿದ್ದೆ ಬಂತು. ನಂಬಿಕೆಯಾಗದೆ ಎದ್ದು ಗೋಡೆ ಗಡಿಯಾರವನ್ನು ಮೊಬೈಲಿನ ಜೊತೆ ಹೋಲಿಸಿ ನೋಡಿದೆ. ಆ ಎಂಟು ವಾರದಲ್ಲಿ ಒಂದು ಬೆಳಗಿನ ಪಾಳಿಯನ್ನೂ ತಪ್ಪಿಸಲಿಲ್ಲ. ಕೆಲವು ದಿನ ಹೇಗೆ ಹೋದೆ ಎನ್ನುವುದು ಬೇರೆ ಮಾತು.

ಸಂಕ್ರಾಂತಿಗೆ ಎರಡು ದಿನ ಮೊದಲು ಲೆಕ್ಕ ಮುಗಿಯಿತು. ವೈದ್ಯೆಗೆ ಕೊಡಲು ಬಿಳಿ ಹಾಳೆಯಲ್ಲಿ ಶುದ್ಧ ಪ್ರತಿ ಮಾಡಿದೆ. ಕೊನೆಯ ಎರಡು ವಾರದ ಸರಾಸರಿ ಐದು. ಏಳರಿಂದ ಐದಕ್ಕೆ. ಹಬ್ಬದ ದಿನ ಹಸುವಿನ ಕೊಂಬಿಗೆ ಬಣ್ಣ ಹಚ್ಚುವಾಗ ಅಮ್ಮ ಆ ಸಂಖ್ಯೆಯನ್ನು ಬಂದವರಿಗೆಲ್ಲ ಹೇಳಿದಳು. ರತ್ನಮ್ಮನಿಗೆ ಎರಡು ಸಲ.

ಜನವರಿ 16ರಂದು ವೈದ್ಯೆ ಹಾಳೆಯನ್ನು ನಿಧಾನವಾಗಿ ಓದಿದರು. ಸಂತೋಷಪಟ್ಟರು. ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಿದ್ದಾಳೆ, ಬೆಳಗಿನ ಕೆಲಸ ಮುಂದುವರಿಸಬಹುದು ಎಂದು ಪತ್ರ ಬರೆದುಕೊಟ್ಟರು. ಅದನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡು ಬಂಗಾರಪೇಟೆಯ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಪತ್ರ ಮತ್ತೆ ನೋಡಲೆಂದು ಪುಸ್ತಕ ತೆರೆದಾಗ ಕಚ್ಚಾ ಲೆಕ್ಕದ ಪುಟ ಕಣ್ಣಿಗೆ ಬಿತ್ತು. ನೋವಿನ ಅಂಕಣದಲ್ಲಿ ಅಲ್ಲಲ್ಲಿ ಅಂಕೆಯ ಪಕ್ಕ ಚುಕ್ಕಿಗಳಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಡೈರಿಯಲ್ಲಿ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಯಂತ್ರ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನ ಅಂಶ, ತೋರಿಸುವುದಿಲ್ಲ. ಸಾಲು ಕಾಯುವುದಿಲ್ಲ. ಆಗ ಆ ಮನೆಯ ಹಾಲಿನ ನಿನ್ನೆಯ ಫ್ಯಾಟನ್ನೇ ಬರೆದು ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತೇವೆ. ಇವತ್ತು ಅಳೆದಿಲ್ಲ ಎಂದು ಅದರ ಅರ್ಥ. ಹಾಲು ಹಾಕುವ ಎಲ್ಲರಿಗೂ ಅದು ಗೊತ್ತು, ಎಲ್ಲರಿಗೂ ಒಪ್ಪಿಗೆ. ಅದೇ ಹಸು, ಅದೇ ಮೇವು; ಒಂದು ದಿನದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ತಿಂಗಳ ಕೊನೆಗೆ ಶುದ್ಧ ಪ್ರತಿ ಮಾಡುವಾಗ ಚುಕ್ಕಿಗಳನ್ನು ಇಳಿಸಿಕೊಳ್ಳುವುದಿಲ್ಲ.

ನನ್ನ ಕೈ ನೋವಿಗೂ ಅದನ್ನೇ ಮಾಡಿತ್ತು. ಪೆನ್ನು ಹಿಡಿಯಲಾಗದ ಬೆಳಗುಗಳಲ್ಲಿ ಅಂಕಣ ಖಾಲಿ ಉಳಿಯುತ್ತಿತ್ತು. ಮರುದಿನ ಕೂತು, ಆ ಖಾಲಿ ದಿನಕ್ಕೆ ಅದರ ಹಿಂದಿನ ದಿನದ ಅಂಕೆಯನ್ನೇ ತುಂಬಿ ಚುಕ್ಕಿ ಇಡುತ್ತಿದ್ದೆ. ಶುದ್ಧ ಪ್ರತಿಯಲ್ಲಿ ಚುಕ್ಕಿಗಳು ಬಿದ್ದುಹೋದವು. ಬಸ್ಸು ರೈಲ್ವೆ ಗೇಟಿನ ಬಳಿ ನಿಂತಾಗ ಎಣಿಸಿದೆ. ಹದಿನೇಳು. ಕೊನೆಯ ಎರಡು ವಾರದಲ್ಲೇ ಆರು. ಹಾಲು ಒಂದೇ ದಿನದಲ್ಲಿ ಬದಲಾಗುವುದಿಲ್ಲ, ನಿಜ. ನೋವು ಬದಲಾಗುತ್ತದೆ. ಬರೆಯಲಾಗದಷ್ಟು ಕೆಟ್ಟ ದಿನಗಳಿಗೆಲ್ಲ ನಾನು ಅವುಗಳ ಹಿಂದಿನ ಒಳ್ಳೆಯ ದಿನದ ಅಂಕೆ ಕೊಟ್ಟಿದ್ದೆ. ಐದು ಎಂಬ ಸರಾಸರಿ ಹಾಗೆ ಬಂದದ್ದು. ಪತ್ರವೂ ಹಾಗೆ ಬಂದದ್ದು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. ಪತ್ರ ಕೊಟ್ಟುಬಿಡು, ಕೆಲಸ ಉಳಿಯಲಿ ಎನ್ನುತ್ತಾಳೆಂದು ಅರ್ಧ ಆಸೆ ಇತ್ತು. ಅಮ್ಮ ಕೈ ತೊಳೆದುಕೊಂಡು ಬಂದು ಯಾವ ಯಾವ ದಿನ ಎಂದು ಕೇಳಿದಳು. ತಾರೀಕು ಹೇಳಿದರೆ ಅವಳಿಗೆ ಗೊತ್ತಾಗುವುದಿಲ್ಲ. ಕರುವಿಗೆ ಕೆಮ್ಮು ಬಂದ ದಿನ, ಅಪ್ಪನಿಗೆ ರೈಲು ತಪ್ಪಿದ ದಿನ, ಕ್ಯಾಸಂಬಳ್ಳಿಯ ಸಂಬಂಧಿಕರು ಬಂದ ಮರುದಿನ ಎಂದು ಹೇಳುತ್ತಾ ಹೋದೆ. ಅವಳು ಒಂದೊಂದಕ್ಕೂ ತಲೆಯಾಡಿಸಿದಳು.

"ಆವತ್ತು ನಿನ್ ಜಡೆ ನಾನೇ ಎಣ್ದೆ. ಆವತ್ತೂ ನಾನೇ. ಕೈ ಎತ್ತಕ್ಕಾಯ್ತಿರ್ಲಿಲ್ಲ ನಿಂಗೆ. ನೀನು ಬಾಯ್ಬಿಟ್ಟು ಏಳ್ದೆ ಇದ್ರೆ ನಂಗೆ ಗೊತ್ತಾಗಕಿಲ್ವಾ?"

ಹದಿನೇಳರಲ್ಲಿ ಹದಿನಾಲ್ಕು ದಿನಗಳನ್ನು ಅವಳು ಗುರುತಿಸಿದಳು. ಉಳಿದ ಮೂರನ್ನು ಇಬ್ಬರಿಗೂ ಹೇಳಲಾಗಲಿಲ್ಲ. ಅವನ್ನು ಖಾಲಿ ಬಿಟ್ಟೆ. ಕೊನೆಯ ಎರಡು ವಾರದ ಆರೂ ದಿನ ಅವಳ ನೆನಪಿನಲ್ಲಿದ್ದವು. ನನ್ನದೇ ನಿಯಮದಂತೆ ಅಲ್ಲೆಲ್ಲ ಎಂಟು ಹಾಕಿ ಮತ್ತೆ ಕೂಡಿದೆ. ಐದು ಇದ್ದದ್ದು ಆರು ದಾಟಿತು. ನಿದ್ದೆಯ ಅಂಕಣವನ್ನೂ ಚುಕ್ಕಿಯ ದಿನಗಳನ್ನು ಬಿಟ್ಟು, ಉಳಿದ ಮೂವತ್ತೊಂಬತ್ತು ದಿನಗಳಿಗೆ ನೋಡಿದೆ. ಅದು ಹೆಚ್ಚಾಗಿದ್ದು ನಿಜವಾಗಿತ್ತು. ಅದರಿಂದ ಸ್ವಲ್ಪ ಸಮಾಧಾನವಾಯಿತು. ಆದರೂ ಅಂದು ಸಂಜೆ ಡೈರಿಯಲ್ಲಿ ಮಾವ ಪತ್ರದ ಬಗ್ಗೆ ಕೇಳಿದಾಗ, ಇನ್ನೊಂದು ವಾರ ಬೇಕು ಎಂದಷ್ಟೇ ಹೇಳಿದೆ. ಆ ವಾರ ಪತ್ರವನ್ನು ಎಷ್ಟು ಸಲ ತೆಗೆದು ನೋಡಿದೆ ಎಂದು ಮಾತ್ರ ಎಣಿಸಲಿಲ್ಲ.

ಮುಂದಿನ ಗುರುವಾರ ವೈದ್ಯೆಯ ಮುಂದೆ ಎರಡೂ ಹಾಳೆಗಳನ್ನು ಇಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಚುಕ್ಕಿಯಿದ್ದ ದಿನಗಳನ್ನೇ ಒಂದೊಂದಾಗಿ ನೋಡುತ್ತಾ, ಅದರ ಹಿಂದಿನ ದಿನ ಏನೇನು ಕೆಲಸ ಮಾಡಿದ್ದೆ ಎಂದು ಕೇಳಿದರು. ಅವುಗಳಲ್ಲಿ ಹೆಚ್ಚಿನವು, ನಾನು ಎರಡೂ ಪಾಳಿಯಲ್ಲಿ ಹಾಲಿನ ಕ್ಯಾನು ಎತ್ತಲು ಕೈಜೋಡಿಸಿದ ದಿನಗಳ ಮರುದಿನಗಳು. ಅದು ನನಗೇ ಕಂಡಿರಲಿಲ್ಲ. ಬೆಳಕಿನಿಂದ ನಿದ್ದೆಗೆ ಉಪಯೋಗವಾದಂತಿದೆ, ನೋವಿಗೆ ಅಲ್ಪಸ್ವಲ್ಪ, ಅದು ಬೆಳಕಿನದೋ ಮಾತ್ರೆಯದೋ ಹೇಳಲಾಗದು ಎಂದರು. ಹಳೆಯ ಪತ್ರ ವಾಪಸು ತೆಗೆದುಕೊಂಡು ಹೊಸದು ಬರೆದರು. ಎರಡು ಪಾಳಿ ಬೇಡ, ಭಾರ ಎತ್ತಬಾರದು, ಬೆಳಗಿನ ಹೊತ್ತು ಕಷ್ಟ.

ಅದನ್ನು ಮುನಿವೆಂಕಟಪ್ಪ ಮಾವ ಎರಡು ಸಲ ಓದಿದರು. ನಾನು ಚುಕ್ಕಿಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲ ಕಣಮ್ಮ, ಅಳೀದೆ ಇದ್ದಿದ್ಕೆ ಚುಕ್ಕಿ ಇಟ್ಟಿದ್ದೀಯ, ಅದು ತಪ್ಪಲ್ಲ. ಪ್ರತೀಲಿ ಅದನ್ನ ಬಿಟ್ಟಿದ್ದು ತಪ್ಪು. ಅದ್ನೂ ನೀನೇ ಬಂದು ಯೋಳ್ದೆ." ಪತ್ರ ಮಡಿಸುತ್ತಾ ಹೇಳಿದರು, "ಬೆಳಿಗ್ಗೆದು ಲಕ್ಷ್ಮೀದೇವಿಗೆ ಕೊಡ್ತೀನಿ. ಕೊಡ್ದೆ ಇರಕ್ಕಾಗಲ್ಲ. ಸಂಜೆ ನೀನು ಬಾ. ಕ್ಯಾನು ಮುಟ್ಬೇಡ."

2025ರ ಫೆಬ್ರವರಿ 1, ಶನಿವಾರ. ಬೆಳಿಗ್ಗೆ ಆರಕ್ಕೆ ಡೈರಿಯ ಗಂಟೆ ಬಾರಿಸಿದ್ದು ಮನೆಯಲ್ಲಿ ಕೂತು ಕೇಳಿದೆ. ಬಿಂದಿಗೆ, ಡಬ್ಬಿ ಹಿಡಿದು ಜನ ನಮ್ಮ ಬಾಗಿಲ ಮುಂದೆ ಹೋದರು. ನಾನು ಪೆಟ್ಟಿಗೆಯ ಮುಂದೆ ಕೂತೇ ಇದ್ದೆ. ಅಂದು ಅರ್ಧ ಗಂಟೆಯಾದರೂ ಏಳಲಿಲ್ಲ. ರತ್ನಮ್ಮ ಹಾಲು ಹಾಕಿ ಹಿಂದಿರುಗುವಾಗ ಕಿಟಕಿಯ ಬಳಿ ನಿಂತಳು. ಆ ಹುಡುಗಿ ಇನ್ನೂ ಗಡಿಬಿಡಿ ಮಾಡುತ್ತಾಳೆ, ಸಾಲು ಹನುಮಂತನ ಬಾಲದಂತೆ ಬೆಳೆದಿದೆ ಎಂದು ದೂರು ಹೇಳಿ ಹೋದಳು. ನನ್ನ ಮೈ ಹೇಗಿದೆ ಎಂದು ಅವಳು ಕೇಳಲಿಲ್ಲ. ಆದರೆ ಬೇಕೆಂದೇ ನಿಂತಳು. ಅದನ್ನು ಬರೆದಿಟ್ಟಿದ್ದೇನೆ.

ಈಗ ಸಂಜೆಯ ಪಾಳಿ ಮಾತ್ರ ಮಾಡುತ್ತೇನೆ. ಬೆಳಕನ್ನು ಬಿಟ್ಟಿಲ್ಲ. ಮೇ ತಿಂಗಳಲ್ಲಿ ವೈದ್ಯೆಯನ್ನು ಕೇಳಿಯೇ ಮೂರು ವಾರ ನಿಲ್ಲಿಸಿ ನೋಡಿದೆ. ನಿದ್ದೆ ಸುಮಾರು ಒಂದು ಗಂಟೆ ಕಡಿಮೆಯಾಯಿತು. ನೋವು ಹೆಚ್ಚುಕಡಿಮೆ ಅಷ್ಟೇ ಇತ್ತು. ಮತ್ತೆ ಶುರು ಮಾಡಿದ ಮೇಲೆ ನಿದ್ದೆ ಹನ್ನೆರಡು ದಿನಕ್ಕೆ ಮರಳಿತು. ನನಗೆ ಗೊತ್ತಿರುವುದು ಇಷ್ಟೇ. ಒಬ್ಬಳ ಮೈಯ ಲೆಕ್ಕ, ಅದೂ ಮೂರು ದಿನ ಖಾಲಿಯಿರುವ ಲೆಕ್ಕ. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಕಣ್ಣು ತೋರಿಸದೆ ಪೆಟ್ಟಿಗೆ ತರಿಸಬೇಡಿ.

ಹೆಚ್ಚು ತಿಳಿದವರು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಎರಡನೆಯ ವರ್ಷದಲ್ಲೂ ಬೆಳಕು ಕೆಲಸ ಮಾಡುತ್ತದೆಯೇ? ಅರ್ಧ ಗಂಟೆಗಿಂತ ಹೆಚ್ಚು ಕೂತವರಿಗೆ ನೋವು ಇಳಿದಿದೆಯೇ? ಬಯಲಿನ ಬಿಸಿಲಿಗೆ ಕೂತರೆ ಸಾಕೇ? ಈ ಕಾಯಿಲೆ ಇಟ್ಟುಕೊಂಡು ಸೂರ್ಯ ಹುಟ್ಟುವ ಮೊದಲಿನ ಕೆಲಸಕ್ಕೆ ಮರಳಿದವರು ಯಾರಾದರೂ ಇದ್ದರೆ, ಎಷ್ಟು ತಿಂಗಳು ಹಿಡಿಯಿತು ಎಂದು ತಿಳಿಸಿ. ಮರಳಲಾಗದವರೂ ಬರೆಯಿರಿ. ನಿಮ್ಮ ಬೆಳಗುಗಳು ಹೇಗೆ ಕಳೆಯುತ್ತವೆ ಎಂದು ನನಗೆ ತಿಳಿಯಬೇಕಿದೆ.